ಗಿಡ್ಡ ಗೇರಿನ ಲೆಕ್ಕಾಚಾರ

1989ರ ಫೆಬ್ರುವರಿಯಲ್ಲಿ ಅಮೆರಿಕದ ಷಿಕಾಗೊ ಮೋಟಾರು ಪ್ರದರ್ಶನದಲ್ಲಿ ಜಪಾನಿನ ಮಜ್ದಾ ಕಂಪೆನಿ ಎರಡೇ ಆಸನಗಳ ಪುಟ್ಟ ಕಾರೊಂದನ್ನು ಜನರ ಮುಂದಿಟ್ಟಿತು. ಹೆಸರು ಎಂಎಕ್ಸ್-5, ಅಮೆರಿಕದವರ ಬಾಯಲ್ಲಿ ಮಿಯಾಟ. ಮರುತಿಂಗಳು ಬ್ರೆಜಿಲ್‌ನಲ್ಲಿ ನಡೆದ ಫಾರ್ಮುಲಾ ಒನ್ ಸ್ಪರ್ಧೆಯಲ್ಲಿ ನೈಜೆಲ್ ಮ್ಯಾನ್ಸೆಲ್ ಓಡಿಸಿದ ಫೆರಾರಿ ಗೆದ್ದಿತು. ಆ ಫೆರಾರಿಯಲ್ಲಿ ಹಳೆಯ ಬಗೆಯ ಗೇರ್ ಕೋಲು ಇರಲಿಲ್ಲ. ಸ್ಟೀರಿಂಗ್ ಚಕ್ರದ ಹಿಂದಿನ ಪಟ್ಟಿಯನ್ನು ಬೆರಳಿನಿಂದ ಎಳೆದರೆ ಸಾಕು, ಗೇರ್ ಬದಲಾಗುತ್ತಿತ್ತು.

ವೇಗವಷ್ಟೇ ಬೇಕೆಂದವರಿಗೆ ಕೈಗೇರಿನ ಕಾಲ ಅಂದೇ ಮುಗಿಯಿತೆನ್ನಬಹುದು. ಆದರೆ ಮಜ್ದಾದ ಪುಟ್ಟ ಕಾರು ಸೋಲಲಿಲ್ಲ. 2016ರಲ್ಲಿ ಹತ್ತು ಲಕ್ಷದ ಎಂಎಕ್ಸ್-5 ಕಾರ್ಖಾನೆಯಿಂದ ಹೊರಬಂತು. ಅದನ್ನು ರೂಪಿಸಿದ ತಂಡದ ಮುಖ್ಯಸ್ಥ ತೋಶಿಹಿಕೊ ಹಿರಾಯ್ ಹಿಡಿದ ಸೂತ್ರ ‘ಜಿನ್ಬಾ ಇತ್ತೈ’. ಕುದುರೆಯೂ ಸವಾರನೂ ಒಂದೇ ದೇಹವಾಗುವುದು ಎಂದು ಅದರರ್ಥ. ಕುದುರೆಗೆ ಲಗಾಮು ಹೇಗೋ ಈ ಕಾರಿಗೆ ಗೇರ್ ಕೋಲು ಹಾಗೆ. ಕೋಲು ಗಿಡ್ಡ, ಅದರ ಓಡಾಟವೂ ಗಿಡ್ಡ, ಮಣಿಕಟ್ಟಿನ ಚಲನೆಯಷ್ಟೇ ಸಾಕು. ಇದರ ರುಚಿ ಕಂಡ ಉತ್ಸಾಹಿಗಳು ಇನ್ನೂ ಗಿಡ್ಡ ಬೇಕೆಂದರು. ಕಂಪೆನಿಯದಲ್ಲದ, ಹೊರಗಿನವರು ತಯಾರಿಸಿದ ‘ಷಾರ್ಟ್ ಷಿಫ್ಟರ್’ಗಳಿಗೆ ಹೀಗೆ ಒಂದು ಪೇಟೆಯೇ ಬೆಳೆಯಿತು.

ಗೇರ್ ಕೋಲೆಂದರೆ ಶಾಲೆಯ ವಿಜ್ಞಾನ ಪಾಠದಲ್ಲಿ ಬರುವ ಸನ್ನೆಗೋಲೇ. ನಡುವೆ ಗುಂಡಿನಾಕಾರದ ಆನಿಕೆ. ಅದರ ಮೇಲೆ ಉದ್ದದ ತೋಳು, ಕೆಳಗೆ ಚಿಕ್ಕ ತೋಳು. ಕೆಳತುದಿ ಗೇರ್ ಬಾಕ್ಸಿನೊಳಗಿನ ಸರಳನ್ನು ತಳ್ಳುತ್ತದೆ. ಆ ಸರಳು ಎಷ್ಟು ಸರಿಯಬೇಕೆಂಬುದು ಗೇರ್ ಬಾಕ್ಸಿನ ಕಟ್ಟಳೆ. ಅದನ್ನು ಹೊರಗಿನ ಕೋಲು ಬದಲಿಸಲಾರದು. ಬದಲಾಗುವುದು ಕೈ ಸಾಗುವ ದೂರ ಮಾತ್ರ.

ಲೆಕ್ಕಕ್ಕೆ ಒಂದು ಕೋಲನ್ನು ಊಹಿಸಿಕೊಳ್ಳಬಹುದು. ಮೇಲಿನ ತೋಳು 24 ಸೆಂಟಿಮೀಟರ್, ಕೆಳಗಿನದು 4. ಒಳಗಿನ ಸರಳು 12 ಮಿಲಿಮೀಟರ್ ಸರಿಯಬೇಕಾದರೆ ಕೈ ಅದರ ಆರು ಪಟ್ಟು, ಎಂದರೆ 72 ಮಿಲಿಮೀಟರ್ ಸಾಗಬೇಕು. ಇದನ್ನು ಕಡಿಮೆ ಮಾಡಲು ಎರಡು ದಾರಿಗಳುಂಟು. ಮೊದಲನೆಯದು, ಮೇಲಿನ ತೋಳನ್ನು 18 ಸೆಂಟಿಮೀಟರಿಗೆ ಇಳಿಸುವುದು. ಆಗ ಕೈಯ ಪ್ರಯಾಣ 54 ಮಿಲಿಮೀಟರ್. ಎರಡನೆಯದು, ಕೋಲಿನ ಒಟ್ಟು ಉದ್ದವನ್ನು ಹಾಗೆಯೇ ಬಿಟ್ಟು ಆನಿಕೆಯನ್ನು ಒಂದೇ ಒಂದು ಸೆಂಟಿಮೀಟರ್ ಮೇಲೇರಿಸುವುದು. ಆಗ ಮೇಲೆ 23, ಕೆಳಗೆ 5; ಪ್ರಯಾಣ ಸುಮಾರು 55 ಮಿಲಿಮೀಟರ್. ಆರು ಸೆಂಟಿಮೀಟರ್ ಕತ್ತರಿಸಿ ಪಡೆದದ್ದನ್ನು ಆನಿಕೆಯ ಒಂದು ಸೆಂಟಿಮೀಟರ್ ಹೆಚ್ಚುಕಡಿಮೆ ತಂದುಕೊಟ್ಟಿತು! ಮೊದಲ ದಾರಿ ಅಗ್ಗ, ಆದರೆ ಹಿಡಿ ಕೆಳಗಿಳಿದು ಕೈ ಚಾಚಬೇಕಾಗುತ್ತದೆ. ಎರಡನೆಯದರಲ್ಲಿ ಹಿಡಿ ಇದ್ದಲ್ಲೇ ಉಳಿಯುತ್ತದೆ. ಕೆಲಸ ಮಾತ್ರ ನಾಜೂಕಿನದು.

ಆದರೆ ಪ್ರಕೃತಿ ಯಾವುದನ್ನೂ ಬಿಟ್ಟಿ ಕೊಡುವುದಿಲ್ಲ. ದೂರದಲ್ಲಿ ಉಳಿಸಿದ್ದನ್ನು ಬಲದಲ್ಲಿ ತೆರಬೇಕು. ಮೇಲಿನ ಲೆಕ್ಕದಲ್ಲಿ ಪ್ರಯಾಣ ಕಾಲು ಭಾಗದಷ್ಟು ತಗ್ಗಿದರೆ ಕೈ ಹಾಕಬೇಕಾದ ಬಲ ಸುಮಾರು ಮೂರನೇ ಒಂದರಷ್ಟು ಏರುತ್ತದೆ. ಪ್ರಯಾಣವನ್ನು ಅರ್ಧಕ್ಕೆ ಇಳಿಸಿದರೆ ಬಲ ಎರಡು ಪಟ್ಟು. ದಿನವೂ ಪಟ್ಟಣದ ದಟ್ಟಣೆಯಲ್ಲಿ ನೂರಾರು ಸಲ ಗೇರ್ ಬದಲಿಸುವವರ ಭುಜಕ್ಕೆ ಇದು ಸಣ್ಣ ಮಾತಲ್ಲ.

ಭುಜಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಗೇರ್ ಬಾಕ್ಸಿನ ಬಗ್ಗೆ. ಹಿಂದಿನ ಚಾಲಕರು ಗೇರ್ ಬದಲಿಸಲು ಕ್ಲಚ್ಚನ್ನು ಎರಡೆರಡು ಸಲ ತುಳಿಯಬೇಕಿತ್ತು. ಹಳೆಯ ಲಾರಿ ಚಾಲಕರಿಗೆ ಈ ‘ಡಬಲ್ ಕ್ಲಚ್’ ವಿದ್ಯೆ ಕರಗತ. 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ ಸಿಂಕ್ರೊಮೆಷ್ ಬಂದ ಮೇಲೆ ಆ ತೊಂದರೆ ತಪ್ಪುತ್ತ ಬಂತು. ಬೇರೆ ಬೇರೆ ವೇಗದಲ್ಲಿ ತಿರುಗುವ ಭಾಗಗಳು ಹಲ್ಲಿಗೆ ಹಲ್ಲು ಕೂಡುವ ಮೊದಲು ಹಿತ್ತಾಳೆಯಂಥ ಲೋಹದ ಉಂಗುರವೊಂದು ಶಂಕುವಿನ ಮೇಲೆ ಉಜ್ಜಿ ಎರಡರ ವೇಗವನ್ನೂ ಸರಿದೂಗಿಸುತ್ತದೆ. ಈ ಕೆಲಸಕ್ಕೆ ಕ್ಷಣದ ಒಂದು ಪಾಲಾದರೂ ಬೇಕು. ಕೋಲು ಗಿಡ್ಡವಾದ ಮಾತ್ರಕ್ಕೆ ಉಂಗುರ ಚುರುಕಾಗುವುದಿಲ್ಲ. ಕೈಬಲ ಮೊದಲಿನಷ್ಟೇ ಇದ್ದರೆ ಉಂಗುರಕ್ಕೆ ತಲಪುವ ಒತ್ತಡ ಕಡಿಮೆಯಾಗಿ ಸಮಯ ಹೆಚ್ಚೇ ಹಿಡಿಯುತ್ತದೆ. ಅವಸರದಿಂದ ಗುದ್ದಿ ಹಾಕಿದರೆ ಕರಕರ ಸದ್ದು, ಉಂಗುರದ ಸವೆತ, ಕೊನೆಗೆ ಗೇರ್ ಬಾಕ್ಸ್ ಬಿಚ್ಚುವ ಖರ್ಚು. ಎಣ್ಣೆ ಗಟ್ಟಿಯಾಗಿರುವ ಚಳಿಯ ಮುಂಜಾವಿನಲ್ಲಂತೂ ತಾಳ್ಮೆ ಇನ್ನೂ ಅಗತ್ಯ.

ಇನ್ನು, ಕೋಲಿನ ಸುಖವೆಲ್ಲ ಉದ್ದದಲ್ಲಿಯೇ ಇಲ್ಲ. ಹಳೆಯ ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಓಡಿಸಿದವರಿಗೆ ಸ್ಟೀರಿಂಗಿನ ಪಕ್ಕದ ಗೇರು ನೆನಪಿರುತ್ತದೆ. ಹಿಡಿಯಿಂದ ಗೇರ್ ಬಾಕ್ಸಿಗೆ ಹಲವು ಕಡ್ಡಿಗಳು, ಹಲವು ಕೀಲುಗಳು; ಒಂದೊಂದು ಕೀಲು ಸವೆದಂತೆಲ್ಲ ಕೈಗೆ ಸಡಿಲು ಸಿಗುತ್ತಿತ್ತು. ಎಂಎಕ್ಸ್-5ರಲ್ಲಿ ಕೋಲು ನೇರವಾಗಿ ಗೇರ್ ಬಾಕ್ಸಿನ ಮೇಲೆಯೇ ಕೂರುತ್ತದೆ. ಕೈಗೆ ಸಿಗುವ ಖಚಿತತೆಯ ಗುಟ್ಟು ಇದೇ. ಮುಂದಿನ ಚಕ್ರಗಳಿಂದ ಓಡುವ ಕಾರುಗಳಲ್ಲಿ ಗೇರ್ ಬಾಕ್ಸ್ ಅಡ್ಡಡ್ಡ ಕೂತಿರುವುದರಿಂದ ನಡುವೆ ಕೇಬಲ್ಲು ಇಲ್ಲವೇ ಕಡ್ಡಿ ಬೇಕು. ಅಂಥಲ್ಲಿ ಸಡಿಲು ಉಳಿಸಿಕೊಂಡು ಕೋಲು ಮಾತ್ರ ಗಿಡ್ಡ ಮಾಡಿದರೆ ಖಚಿತತೆ ಬರುವುದಿಲ್ಲ.

ಆದ್ದರಿಂದ ಬಲ್ಲ ಮೆಕ್ಯಾನಿಕ್ ಮೊದಲು ನೋಡುವುದು ಹಳೆಯದನ್ನೇ. ಮೊದಲ ತಲೆಮಾರಿನ ಎಂಎಕ್ಸ್-5ರಲ್ಲಿ ಕೋಲಿನ ಕೆಳತುದಿಗೆ ಪ್ಲಾಸ್ಟಿಕ್ಕಿನ ಪುಟ್ಟ ಬುಷ್, ಮೇಲೆ ರಬ್ಬರ್ ಹೊದಿಕೆ, ಕೋಲು ಕೂರುವ ಗೂಡಿನಲ್ಲಿ ಅದಕ್ಕೇ ಮೀಸಲಾದ ಒಂದಿಷ್ಟು ಎಣ್ಣೆ ಇರುತ್ತವೆ. ವರ್ಷಗಳುರುಳಿದಂತೆ ಬುಷ್ ಸವೆದು ರಬ್ಬರ್ ಹರಿಯುತ್ತದೆ. ಆಗ ಕೋಲು ಜೋಲಾಡುತ್ತದೆ. ಬಿಸಿಯೂ ಸದ್ದೂ ಒಳಗೆ ನುಗ್ಗುತ್ತವೆ. ಈ ಮೂರನ್ನೂ ಹೊಸದು ಮಾಡಿದರೆ ಅನೇಕರಿಗೆ ಹೊಸ ಷಿಫ್ಟರಿನ ಆಸೆಯೇ ತಣಿಯುತ್ತದೆ. ಖರ್ಚೂ ಅಲ್ಪ.

ಅಷ್ಟಾದ ಮೇಲೂ ಬೇಕೆನಿಸಿದರೆ ಕೇಳಬೇಕಾದ ಪ್ರಶ್ನೆಗಳು ಕೆಲವಿವೆ. ಪ್ರಯಾಣ ಎಷ್ಟು ಕಡಿಮೆಯಾಗುತ್ತದೆ? ಅದು ತಗ್ಗುವುದು ಹಿಂದೆಮುಂದೆ ಮಾತ್ರವೋ, ಅಕ್ಕಪಕ್ಕದಲ್ಲೂ ತಗ್ಗುತ್ತದೆಯೋ? ಅಕ್ಕಪಕ್ಕದ ಸಾಲುಗಳು ತೀರ ಹತ್ತಿರವಾದರೆ ಐದರಿಂದ ನಾಲ್ಕಕ್ಕೆ ಹೊರಟ ಕೈ ಎರಡಕ್ಕೆ ಬೀಳಬಹುದು. ಹೆಚ್ಚಿನ ವೇಗದಲ್ಲಿ ಆ ಒಂದು ತಪ್ಪು ಎಂಜಿನ್ನನ್ನೇ ಬಲಿ ತೆಗೆದುಕೊಂಡೀತು. ಬುಷ್ ಲೋಹದ್ದೋ, ಪ್ಲಾಸ್ಟಿಕ್ಕಿನದೋ? ಲೋಹದ್ದು ಖಚಿತ, ಆದರೆ ಗೇರ್ ಬಾಕ್ಸಿನ ನಡುಕವನ್ನೆಲ್ಲ ಅಂಗೈಗೆ ತರುತ್ತದೆ. ಹಿಡಿ ತುಸು ಭಾರವಾಗಿದ್ದರೆ ಅದರ ತೂಕವೇ ಕೋಲನ್ನು ಮುಂದೊಯ್ದು ಬಿಗಿತ ಕಡಿಮೆಯೆನಿಸುತ್ತದೆ. ಕಂಪೆನಿಯ ವಾರಂಟಿ ಇನ್ನೂ ಇದ್ದರೆ ಅದರ ಷರತ್ತನ್ನು ಮೊದಲೇ ಓದಬೇಕು.

ರಸ್ತೆಯ ಮೇಲೆ ಉಳಿಯುವ ಸಮಯ ಸೆಕೆಂಡಿನ ಒಂದು ಸಣ್ಣ ಚೂರು. ಅದಕ್ಕಾಗಿಯೇ ಆದರೆ ಫೆರಾರಿಯ ಪಟ್ಟಿಗಳು ಎಂದೋ ಮುಂದೆ ಹೋಗಿವೆ. ಇಂದಿಗೂ ಕೋಲು ಹಿಡಿಯುವವರು ಹುಡುಕುವುದು ಹಲ್ಲು ಹಲ್ಲಿಗೆ ಕೂಡುವಾಗ ಅಂಗೈಗೆ ತಿಳಿಯುವ ಆ ಮಾತನ್ನು. ಅದನ್ನು ಸ್ಪಷ್ಟವಾಗಿ ಕೇಳಿಸುವ ಕೋಲು ಗಿಡ್ಡವಾದರೂ ಸರಿ, ಉದ್ದವಾದರೂ ಸರಿ, ಒಳ್ಳೆಯ ಕೋಲೇ.