ಕಾದ ಬೋಲ್ಟು, ಕಳೆದ ಮಾತು

ಬಾನುಲಿಯಲ್ಲಿ ಮಾತನಾಡುವಾತ ತನ್ನ ಮಾತು ಯಾರನ್ನೋ ತಲುಪುತ್ತಿದೆಯೆಂದು ನಂಬಿಯೇ ಮಾತನಾಡುತ್ತಾನೆ. ಆ ಮಾತು ಒಂದು ಬೋಲ್ಟಿನಲ್ಲಿಯೇ ಉಳಿದುಹೋದ ಬಗೆಯನ್ನು ಇಂದು ತಮ್ಮ ಮುಂದಿಡುತ್ತೇನೆ.

ಶಿವಾಜಿನಗರದಲ್ಲಿ, ರಸೆಲ್ ಮಾರುಕಟ್ಟೆಗೆ ಕೂಗಳತೆಯ ದೂರದಲ್ಲಿ, ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮನೆಯಿದೆ. ಆತ ಸರ್ಕಾರದ ಪರವಾನಗಿ ಪಡೆದ ಹವ್ಯಾಸಿ ರೇಡಿಯೋಗಾರ. ಇಂಥವರನ್ನು ಹ್ಯಾಮ್ ಎನ್ನುತ್ತಾರೆ. ಮಾಳಿಗೆ ಕಿರಿದಾದ್ದರಿಂದ ಗಿಡ್ಡನೆಯ ಆಂಟೆನಾ ನಿಲ್ಲಿಸಿ, ಅದರ ಬುಡಕ್ಕೆ ತಾಮ್ರದ ಸುರುಳಿಯೊಂದನ್ನು ಬೋಲ್ಟಿನಿಂದ ಬಿಗಿದಿದ್ದ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ದೂರದ ಗೆಳೆಯರ ಉತ್ತರ ಕ್ಷೀಣಿಸಿತು. ಒಂದು ಸಂಜೆ ಪ್ರೇಷಕವನ್ನು ಆರಿಸಿ ಬುಡ ಮುಟ್ಟಿದರೆ ಬೆರಳು ಚುರುಕ್ಕೆಂದಿತು. “ಸಾರ್, ಸುರುಳಿ ತಣ್ಣಗಿದೆ, ಬೋಲ್ಟ್ ಮಾತ್ರ ಕಾದಿದೆ” ಎಂದ.

ಕಾರಣವಿಷ್ಟೆ. ರೇಡಿಯೋ ಪ್ರವಾಹವು ಲೋಹದ ಒಳಗೆ ಇಳಿಯದು, ಮೈಮೇಲೆಯೇ ಹರಿಯುತ್ತದೆ. 7 ಮೆಗಾಹರ್ಟ್ಸ್‌ನಲ್ಲಿ ತಾಮ್ರದ ಮೇಲೆ ಅದರ ಆಳ ಮಿಲಿಮೀಟರಿನ ಸುಮಾರು ನಲವತ್ತನೆಯ ಒಂದು ಪಾಲು. ಕಬ್ಬಿಣವು ಅಯಸ್ಕಾಂತಗುಣವುಳ್ಳದ್ದಾದ್ದರಿಂದ ಅಲ್ಲಿ ಈ ಪದರ ಇನ್ನೂ ತೆಳುವಾಗುತ್ತದೆ, ರೋಧ ಏರುತ್ತದೆ. ಅದರ ಮೇಲೆ ತುಕ್ಕು ಕುಳಿತರೆ ಕೇಳಬೇಕೆ?

ಲೆಕ್ಕ ಹಾಕೋಣ. ಪ್ರೇಷಕದ ಶಕ್ತಿ 100 ವಾಟ್, ಗಿಡ್ಡ ಆಂಟೆನಾದ ಒಟ್ಟು ರೋಧ 4 ಓಮ್ ಆದರೆ ಹರಿಯುವ ಪ್ರವಾಹ 5 ಆಂಪಿಯರ್. ಆ ನಾಲ್ಕರಲ್ಲಿ 1 ಓಮ್ ಕೆಟ್ಟ ಸಂದಿನದಾದರೆ 25 ವಾಟ್ ಅಲ್ಲಿಯೇ ಶಾಖವಾಗುತ್ತದೆ. ರೇಡಿಯೋ ರಿಪೇರಿಯವರ ಸಾಲ್ಡರಿಂಗ್ ಐರನ್ ಕಾಯುವುದೂ ಅಷ್ಟರಿಂದಲೇ. ಅದೇ ಸಂದು 50 ಓಮಿನ ಉದ್ದ ಆಂಟೆನಾದಲ್ಲಿದ್ದರೆ ನಷ್ಟ ಬರಿಯ 2 ವಾಟ್. 25 ವಾಟ್ ಅಲ್ಪವೆನ್ನಬೇಡಿ. 1935ರಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರವನ್ನು ಆರಂಭಿಸಿದ್ದು 30 ವಾಟಿನ ಪ್ರೇಷಕದಿಂದ.

ವ್ಯಾಕರಣದ ಲೋಪಸಂಧಿಯಲ್ಲಿ ಒಂದು ಸ್ವರ ಹೋದರೂ ಅರ್ಥ ಉಳಿಯುತ್ತದೆ. ಈ ಸಂಧಿಯಲ್ಲಿ ಲೋಪವಾಗುವುದು ಮಾತೇ.

ಪ್ರವಾಹದ ದಾರಿಯಲ್ಲಿರದ ಲೋಹವೂ ಕಾಯುವುದುಂಟು. ಸುರುಳಿಯ ಸುತ್ತ ಬಿಗಿದ ಉಕ್ಕಿನ ಕ್ಲಿಪ್ಪು ಮುಚ್ಚಿದ ಬಳೆಯಾಗಿ, ಇಂಡಕ್ಷನ್ ಒಲೆಯ ಮೇಲಿನ ಪಾತ್ರೆಯಂತೆ ಬಿಸಿಯೇರುತ್ತದೆ. ಮೀಟರನ್ನು ಮಾತ್ರ ನಂಬಿ ಕೂರುವಂತಿಲ್ಲ. ನಷ್ಟದ ರೋಧ ಸೇರಿಕೊಂಡಾಗ ಹೊಂದಾಣಿಕೆ ಹಿಂದಿಗಿಂತ ಚೆನ್ನಾಗಿದೆಯೆಂದೇ ಅದು ತೋರಿಸಬಹುದು.

ಪರಿಹಾರಕ್ಕೆ ನಾವಿಬ್ಬರೂ ಗುಜರಿ ಅಂಗಡಿಗಳತ್ತ ನಡೆದೆವು, ಜೇಬಿನಲ್ಲೊಂದು ಅಯಸ್ಕಾಂತವನ್ನಿಟ್ಟುಕೊಂಡು. ಹಿತ್ತಾಳೆಯಂತೆ ಹೊಳೆಯುತ್ತಿದ್ದ ಹಲವು ಬೋಲ್ಟುಗಳು ಅಯಸ್ಕಾಂತಕ್ಕೆ ಅಂಟಿಕೊಂಡವು. ಅವು ಲೇಪ ಬಳಿದ ಕಬ್ಬಿಣ. ತುಕ್ಕು ಹಿಡಿಯದ ಸ್ಟೀಲು ಬಹುಮಟ್ಟಿಗೆ ಅಂಟದು. ಆದರೆ ಅದರ ರೋಧಗುಣ ತಾಮ್ರದ ಸುಮಾರು 40 ಪಟ್ಟು. ಅಪ್ಪಟ ಹಿತ್ತಾಳೆಯದನ್ನೇ ಆರಿಸಿದೆವು. ತಾಮ್ರದ ಪಟ್ಟಿಗಳನ್ನು ಉಜ್ಜಿ ಒಂದಕ್ಕೊಂದು ನೇರ ಮುಟ್ಟುವಂತೆ ಜೋಡಿಸಿ, ಬೋಲ್ಟಿಗೆ ಬಿಗಿಯುವ ಕೆಲಸವನ್ನಷ್ಟೇ ಬಿಟ್ಟು, ಮಳೆನೀರು ಸೇರದಂತೆ ಮುಚ್ಚಿದೆವು. ಪ್ರಸಾರ ನಡೆಯುವಾಗ ಮಾತ್ರ ಯಾರೂ ಆಂಟೆನಾ ಮುಟ್ಟಲಾಗದು. ರೇಡಿಯೋ ಪ್ರವಾಹ ಚರ್ಮವನ್ನು ಸುಡುತ್ತದೆ.

ಒಂದು ಬೋಲ್ಟಿಗೆ ಇಷ್ಟು ಮಾತೇಕೆ ಎನ್ನುವಿರಾ? 2004ರ ಡಿಸೆಂಬರಿನಲ್ಲಿ ಸುನಾಮಿಯಿಂದ ಅಂಡಮಾನ್ ನಿಕೋಬಾರಿನ ದೂರವಾಣಿ ಕಡಿದಾಗ, ಪೋರ್ಟ್‌ಬ್ಲೇರಿನಲ್ಲಿದ್ದ ಭಾರತಿ ಪ್ರಸಾದ್ ಮತ್ತು ಸಂಗಡಿಗರು ಹ್ಯಾಮ್ ರೇಡಿಯೋದಿಂದಲೇ ಜನರ ಕ್ಷೇಮಸಮಾಚಾರವನ್ನು ಹೊರಗೆ ತಲುಪಿಸಿದರು. ಅಂಥ ಹೊತ್ತಿನಲ್ಲಿ ಸಂದಿನಲ್ಲಿ ಉರಿದುಹೋಗುವ ಒಂದೊಂದು ವಾಟೂ ಯಾರದೋ ಮನೆಗೆ ಮುಟ್ಟದ ಸುದ್ದಿ. ನನ್ನ ವಿದ್ಯಾರ್ಥಿ ಈಗ ಪ್ರತಿ ಮಳೆಗಾಲ ಮುಗಿದೊಡನೆ ಮಾಳಿಗೆ ಹತ್ತಿ, ಪ್ರೇಷಕ ಆರಿಸಿ, ಬೋಲ್ಟಿನ ಮೇಲೆ ಬೆರಳಿಟ್ಟು ನೋಡುತ್ತಾನೆ. ಅದು ತಣ್ಣಗಿದ್ದರೆ ಮಾತು ಹೊರಟಿದೆ ಎಂದೇ ಅರ್ಥ.