ಗುರು ತಿದ್ದಿದ್ದು ಸ್ವರವನ್ನು, ದನಿಯನ್ನಲ್ಲ

ಒಬ್ಬನೇ ಗುರು. ಶಿಷ್ಯರಲ್ಲಿ ಒಬ್ಬರಿಗೆ ಭಾರತರತ್ನ, ಇನ್ನೊಬ್ಬರಿಗೆ ಪದ್ಮವಿಭೂಷಣ. ಇಂಥ ‘ಪ್ಲೇಸ್‌ಮೆಂಟ್ ರೆಕಾರ್ಡ್’ ಯಾವ ಕಾಲೇಜಿಗಿದೆ ಹೇಳಿ?

ಆ ಗುರು ಹುಬ್ಬಳ್ಳಿ ಸಮೀಪದ ಕುಂದಗೋಳದ ಸವಾಯಿ ಗಂಧರ್ವರು. 1886ರಲ್ಲಿ ಹುಟ್ಟಿದ ಅವರ ಮೊದಲ ಹೆಸರು ರಾಮಭಾವು ಕುಂದಗೋಳಕರ. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರ ಬಳಿ ವರ್ಷಗಟ್ಟಲೆ ಕಲಿತರು. ಮರಾಠಿ ರಂಗಭೂಮಿಯಲ್ಲಿ ಹಾಡಿ ಹೆಸರಾದರು. ಆಮೇಲೆ ಕಲಿಸಲು ಕುಳಿತರು.

ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲು ಹತ್ತಿ ಪಾಠಕ್ಕೆ ಬರುತ್ತಿದ್ದರು. ಗದಗಿನ ಹುಡುಗ ಭೀಮಸೇನ ಜೋಶಿ 1936ರಲ್ಲಿ ಬಂದು, ಗುರುಗಳ ಮನೆಗೆ ನೀರು ಹೊತ್ತು ಕಲಿತರು. ಪಾಠ ಮುಗಿದ ಮೇಲೆ ‘ಅಕ್ಕ’ನನ್ನು ಸ್ಟೇಷನ್ನಿಗೆ ಬಿಟ್ಟು ಬರುತ್ತಿದ್ದವರೂ ಅವರೇ. ಪಾಠವೆಂದರೆ ಅವಸರವಿಲ್ಲ. ಒಂದು ಸ್ವರಗುಚ್ಛ ಸರಿಯಾಗಿ ಬರುವವರೆಗೆ ಮುಂದಿನದಿಲ್ಲ.

ನನಗೆ ಅಚ್ಚರಿಯೆನಿಸುವುದು ಇನ್ನೊಂದು. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಗಂಗೂಬಾಯಿಯವರ ದನಿ ಗಂಡುದನಿಯಂತೆ ಗಡುಸಾಯಿತು. ಭೀಮಸೇನರದ್ದು ಗುಡುಗಿನಂಥ ಕಂಠ. ಇಬ್ಬರೂ ಕಲಿತದ್ದು ಒಂದೇ ಗಾಯಕಿ, ಆದರೆ ಇಬ್ಬರ ಹಾಡನ್ನೂ ಕಣ್ಣು ಮುಚ್ಚಿ ಬೇರೆ ಬೇರೆ ಗುರುತಿಸಬಹುದು.

ನಾನೀಗ ಬಿ.ಇ. ಆರನೇ ಸೆಮಿಸ್ಟರ್. ಸಂದರ್ಶನ ತರಬೇತಿಯಲ್ಲಿ ನಮಗೆಲ್ಲ ಒಂದೇ ಸ್ವಪರಿಚಯ, ಒಂದೇ ಧಾಟಿಯ ಇಂಗ್ಲಿಷ್. ‘ನಿನ್ನ ಮಾತಲ್ಲಿ ಹಳ್ಳಿ ಕೇಳಿಸುತ್ತೆ’ ಎಂದು ತರಬೇತುದಾರರೊಬ್ಬರು ಅಂದದ್ದೇ ತಡ, ನನ್ನ ಗೆಳೆಯನೊಬ್ಬ ಗ್ರೂಪ್ ಡಿಸ್ಕಶನ್‌ನಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸಿದ. ನಮ್ಮ ಬ್ಯಾಚಿನಲ್ಲಿ ಅತ್ಯುತ್ತಮವಾಗಿ ಕೋಡ್ ಬರೆಯುವವನು ಅವನೇ. ಕೇಳಿದರೆ, ‘ನಾ ಮಾತಾಡಿದ್ರ ನಗ್ತಾರಲೇ’ ಅನ್ನುತ್ತಾನೆ.

ಸ್ಪಷ್ಟವಾಗಿ ಮಾತಾಡುವುದನ್ನು ಕಲಿಯಲೇಬೇಕು, ಅದಕ್ಕೆ ರಿಯಾಜೂ ಬೇಕು. ಕುಂದಗೋಳದ ಗುರುವೂ ತಪ್ಪು ಸ್ವರಕ್ಕೆ ರಿಯಾಯಿತಿ ಕೊಡಲಿಲ್ಲ. ಆದರೆ ಸ್ವರ ತಿದ್ದುವುದು ಬೇರೆ, ದನಿಯನ್ನೇ ಬದಲಿಸು ಎನ್ನುವುದು ಬೇರೆ.

ಕೊನೆಯ ವರ್ಷಗಳಲ್ಲಿ ಪಾರ್ಶ್ವವಾಯು ಬಡಿದು ಸವಾಯಿ ಗಂಧರ್ವರ ಹಾಡುಗಾರಿಕೆ ನಿಂತಿತು. 1952ರಲ್ಲಿ ತೀರಿಕೊಂಡರು. ಮರುವರ್ಷದಿಂದ ಪುಣೆಯಲ್ಲಿ ಅವರ ಹೆಸರಿನ ಸಂಗೀತೋತ್ಸವ ಶುರುವಾಯಿತು. ಅದನ್ನು ದಶಕಗಳ ಕಾಲ ಕಟ್ಟಿ ಬೆಳೆಸಿದವರು ಭೀಮಸೇನರು, ಗುರುವಿನದಲ್ಲದ ತಮ್ಮದೇ ದನಿಯಲ್ಲಿ ಹಾಡುತ್ತ.

ಮುಂದಿನ ತಿಂಗಳು ನಮ್ಮಲ್ಲಿಗೆ ಕಂಪನಿಗಳು ಬರುತ್ತವೆ. ದಿನಾ ಸಂಜೆ ಹಾಸ್ಟೆಲ್ ಟೆರೇಸಿನಲ್ಲಿ ಗೆಳೆಯನಿಗೆ ನಾನೇ ಪ್ರಶ್ನೆ ಕೇಳುತ್ತಿದ್ದೇನೆ. ಉತ್ತರ ತಿದ್ದುತ್ತೇನೆ, ಉಚ್ಚಾರವನ್ನು ಅವನಿಗೇ ಬಿಟ್ಟಿದ್ದೇನೆ.