ಶಾಲೆ ಬಿಟ್ಟ ಮೇಲಿನ ಎರಡೂವರೆ ಗಂಟೆ

ಸಂಜೆ ನಾಲ್ಕೂಕಾಲಿಗೆ ನಮ್ಮ ಕಾಲೇಜಿನಲ್ಲಿ ಲೆಕ್ಕಶಾಸ್ತ್ರದ ವಿಶೇಷ ತರಗತಿ ಶುರುವಾಗುತ್ತದೆ. ನನ್ನ ತಮ್ಮನ ಶಾಲೆ ಬಿಡುವುದೂ ಅದೇ ಹೊತ್ತಿಗೆ. ಅವನು ಎರಡನೇ ತರಗತಿ. ಅಮ್ಮಿ ಚಿತ್ರದುರ್ಗದಲ್ಲೇ ಒಂದು ಸಣ್ಣ ಹೊಲಿಗೆ ಘಟಕಕ್ಕೆ ಹೋಗುತ್ತಾರೆ, ಮನೆ ಸೇರುವಾಗ ಏಳಾಗುತ್ತದೆ. ಅಬ್ಬಾ ಲಾರಿಯಲ್ಲಿ ಹೊರಟರೆಂದರೆ ಮೂರು ದಿನ ಕಾಣುವುದಿಲ್ಲ. ಹಾಗಾಗಿ ವಾರದಲ್ಲಿ ನಾಲ್ಕು ದಿನ ನಾನು ತರಗತಿ ಬಿಟ್ಟು ತಮ್ಮನನ್ನು ಕರೆದುಕೊಂಡು ಮನೆಗೆ ಹೋಗುತ್ತೇನೆ. ಪಾಲುದಾರಿಕೆ ಸಂಸ್ಥೆಯ ವಿಸರ್ಜನೆಯ ಲೆಕ್ಕ ನನಗೆ ಇನ್ನೂ ಬರುವುದಿಲ್ಲ.

ಅರ್ಥಶಾಸ್ತ್ರದಲ್ಲಿ ಅವಕಾಶ ವೆಚ್ಚ ಎಂದು ಓದುತ್ತೇವಲ್ಲ, ಒಂದನ್ನು ಆರಿಸಿಕೊಂಡಾಗ ಬಿಟ್ಟುಕೊಡುವ ಇನ್ನೊಂದರ ಬೆಲೆ. ಶಾಲೆ ಬಿಡುವ ಹೊತ್ತಿಗೂ ತಾಯಿ ಕೆಲಸದಿಂದ ಬರುವ ಹೊತ್ತಿಗೂ ನಡುವೆ ಇರುವ ಅಂತರದ ಬೆಲೆಯನ್ನು ನಮ್ಮಲ್ಲಿ ಹೆಚ್ಚಾಗಿ ಕೊಡುವವಳು ಮನೆಯ ದೊಡ್ಡ ಮಗಳು. ನಮ್ಮ ತರಗತಿಯಲ್ಲಿ ಕೇಳಿ ನೋಡಿ, ನನ್ನ ಹಾಗೆ ಇರುವವರು ಇನ್ನೂ ಸಿಗುತ್ತಾರೆ.

ಬೇರೆ ದೇಶಗಳಲ್ಲಿ ಇದಕ್ಕೆ ಶಾಲೆಯಲ್ಲೇ ದಾರಿ ಹುಡುಕಿದ್ದಾರೆ. 2010ರ ಹೊತ್ತಿಗೆ ಎಲ್ಲಾ ಶಾಲೆಗಳ ಮೂಲಕ ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಮಕ್ಕಳ ಪಾಲನೆ ಸಿಗಬೇಕು ಎಂದು ಇಂಗ್ಲೆಂಡಿನ ಸರ್ಕಾರ 2005ರಲ್ಲಿ ಗುರಿ ಇಟ್ಟುಕೊಂಡಿತ್ತು. ಪಾಠ ಮುಗಿದರೂ ಶಾಲೆಯ ಬಾಗಿಲು ಮುಚ್ಚುವುದಿಲ್ಲ, ಮಕ್ಕಳು ಅಲ್ಲೇ ಆಡುತ್ತಾರೆ, ಓದುತ್ತಾರೆ, ಏನಾದರೂ ತಿನ್ನುತ್ತಾರೆ.

ನಮ್ಮಲ್ಲಿ ಏನೂ ಇಲ್ಲ ಎಂದಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ನಮ್ಮ ರಾಜ್ಯದ ಟಿ. ನರಸೀಪುರವೂ ಅದರಲ್ಲಿತ್ತು. ಅಂಗನವಾಡಿ ಬಂದದ್ದು ಹಾಗೆ. ಆದರೆ ಮೂರು ವರ್ಷ ತುಂಬದ ಮಗುವನ್ನು ದಿನವಿಡೀ ಅಲ್ಲಿ ಬಿಟ್ಟು ಕೂಲಿಗೆ ಹೋಗಲು ಆಗುವುದಿಲ್ಲ. ಅದಕ್ಕಾಗಿ 2023-24ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ಸರ್ಕಾರ ಹೇಳಿತು. ಅದು ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗೆ. ಅದೇ ಊರಿನ, ಜಾಬ್ ಕಾರ್ಡ್ ಇರುವ ಹೆಂಗಸರಿಗೆ ತರಬೇತಿ ಕೊಟ್ಟು, ಸರದಿ ಪ್ರಕಾರ ಮಕ್ಕಳನ್ನು ನೋಡಿಕೊಳ್ಳಲು ಹಚ್ಚುತ್ತಾರೆ. ಅವರಿಗೆ ಕೂಲಿಯೂ ಅದೇ ಯೋಜನೆಯಿಂದ. ಜಾಗವೋ, ಪಂಚಾಯಿತಿಯ ಯಾವುದಾದರೂ ಕಟ್ಟಡ ಅಥವಾ ಶಾಲೆಯ ಖಾಲಿ ಕೊಠಡಿ.

ಹಿರಿಯೂರು ತಾಲ್ಲೂಕಿನಿಂದ ಬಸ್ಸಿನಲ್ಲಿ ಬರುವ ನನ್ನ ಗೆಳತಿಯ ಊರಲ್ಲಿ ಇಂಥದ್ದೊಂದಿದೆ. ಅವಳ ಅತ್ತಿಗೆ ಮೊದಲ ವಾರ ಮಗುವನ್ನು ಬಿಟ್ಟು ಹೋಗಲು ಹೆದರಿ, ಮಧ್ಯಾಹ್ನಕ್ಕೇ ಬಂದು ನೋಡಿ ಹೋಗುತ್ತಿದ್ದರಂತೆ. ನೋಡಿಕೊಳ್ಳುವವರು ಪಕ್ಕದ ಬೀದಿಯವರೇ ಆದ್ದರಿಂದ ಎರಡನೇ ವಾರಕ್ಕೆ ಧೈರ್ಯ ಬಂತು. ಹೊಳಲ್ಕೆರೆಯಲ್ಲಿರುವ ನನ್ನ ಖಾಲಾಗೆ ಈ ಅನುಕೂಲವಿಲ್ಲ. ಅವರು ಅಡಿಕೆ ಸುಲಿಯಲು ಹೋಗುತ್ತಾರೆ. ಸೀಸನ್‌ನಲ್ಲಿ ಬೆಳಕು ಹರಿಯುವ ಮೊದಲೇ ಕೆಲಸ ಶುರು, ಎಷ್ಟು ಸುಲಿದರೆ ಅಷ್ಟು ಕಾಸು. ಮಗು ಅಡಿಕೆ ಸಿಪ್ಪೆಯ ರಾಶಿಯ ಪಕ್ಕದಲ್ಲೇ ಗೋಣಿಚೀಲದ ಮೇಲೆ ಮಲಗಿರುತ್ತದೆ. 1948ರ ಕಾರ್ಖಾನೆ ಕಾಯ್ದೆಗೆ 1976ರಲ್ಲಿ ತಿದ್ದುಪಡಿಯಾದ ಮೇಲೆ, 30ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ ಶಿಶುಪಾಲನಾ ಕೊಠಡಿ ಇರಬೇಕೆಂದಾಯಿತು. ಖಾಲಾ ಕೂರುವ ಕಣದಲ್ಲಿ ಎಂಟು ಜನ, ಅಮ್ಮಿಯ ಘಟಕದಲ್ಲಿ ಹನ್ನೆರಡು.

ಇನ್ನು ನನ್ನ ತಮ್ಮನ ವಯಸ್ಸಿನವರು. ಅಂಗನವಾಡಿ ದಾಟಿದ್ದಾರೆ, ಮನೆಯಲ್ಲಿ ಒಬ್ಬರೇ ಇರುವಷ್ಟು ದೊಡ್ಡವರಲ್ಲ. ಹಳ್ಳಿಗಳಲ್ಲಿ ಪಂಚಾಯಿತಿ ಗ್ರಂಥಾಲಯ ಸ್ವಲ್ಪ ಆಸರೆ. 2020ರ ನವೆಂಬರ್ 14ರಂದು ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತ. ಹೊಸದುರ್ಗ ಕಡೆಯ ಸಹಪಾಠಿಯೊಬ್ಬಳು ತನ್ನ ತಂಗಿಯನ್ನು ಅಲ್ಲೇ ಕೂರಿಸಿ ಬರುತ್ತಾಳೆ. ನಮ್ಮ ಮೊಹಲ್ಲಾದಲ್ಲಿ ಆ ಕೆಲಸ ಮಾಡುತ್ತಿರುವುದು ಮಸೀದಿಯ ಮಕ್ತಬ್. ಅಸರ್‌ನಿಂದ ಮಗ್ರಿಬ್‌ವರೆಗೆ ಮಕ್ಕಳು ಹಾಫಿಜ್ ಸಾಹೇಬರ ಮುಂದೆ ಇರುತ್ತಾರೆ. ಅದು ಪಾಲನಾ ಕೇಂದ್ರ ಎಂದು ಯಾರೂ ಕರೆಯುವುದಿಲ್ಲ, ಆದರೆ ಎಷ್ಟೋ ತಾಯಂದಿರು ನಿಶ್ಚಿಂತೆಯಿಂದಿರುವುದು ಅದೊಂದೇ ಹೊತ್ತು.

ಈಗ ಲೆಕ್ಕಕ್ಕೆ ಬರೋಣ. ಸಂಜೆ ಬೀಗ ಬೀಳುವ ಶಾಲೆಯ ಕಟ್ಟಡ, ಬೆಂಚು, ಅಡುಗೆಮನೆ, ಕಾಂಪೌಂಡ್ ಎಲ್ಲವೂ ಸ್ಥಿರ ವೆಚ್ಚ. ಅದು ಆಗಲೇ ಖರ್ಚಾಗಿದೆ. ಇನ್ನೆರಡು ಗಂಟೆ ತೆರೆದಿಟ್ಟರೆ ಹೆಚ್ಚುವುದು ಬದಲಾಗುವ ವೆಚ್ಚ ಮಾತ್ರ. ಒಬ್ಬಿಬ್ಬರ ಸಂಬಳ, ಕರೆಂಟು, ಒಂದು ಹಿಡಿ ಚುರುಮುರಿ.

ನಾನು ಇದನ್ನು ಹೇಳಿದಾಗ ತಮ್ಮನ ಶಾಲೆಯ ಟೀಚರ್ ನಕ್ಕರು. “ಮಗು ಬಿದ್ದು ಪೆಟ್ಟು ಮಾಡಿಕೊಂಡರೆ ಯಾರಮ್ಮ ಜವಾಬ್ದಾರಿ? ನಮಗೆ ಈಗಲೇ ಚುನಾವಣೆ, ಗಣತಿ, ಮೊಟ್ಟೆ ಲೆಕ್ಕ ಎಲ್ಲಾ ಇದೆ” ಎಂದರು. ಅವರ ಮಾತು ತಪ್ಪಲ್ಲ. ಟೀಚರುಗಳ ತಲೆಗೇ ಇದನ್ನೂ ಕಟ್ಟಿದರೆ ನಡೆಯುವುದಿಲ್ಲ. ಕೂಸಿನ ಮನೆಯ ಹಾಗೆ ಅದೇ ಬೀದಿಯ, ತರಬೇತಿ ಪಡೆದ, ಸಂಬಳ ಸಿಗುವ ಹೆಂಗಸರೇ ಬೇಕು. ಪುಕ್ಕಟೆ ಸೇವೆ ಎಂದರೆ ಅದು ಮತ್ತೆ ಯಾರದೋ ದೊಡ್ಡ ಮಗಳ ಪಾಲಿಗೆ ಬರುತ್ತದೆ.

ಸದ್ಯಕ್ಕೆ ನಾವು ಆರು ಜನ ಸೇರಿ ಪ್ರಾಂಶುಪಾಲರಿಗೆ ಒಂದು ಅರ್ಜಿ ಬರೆದಿದ್ದೇವೆ. ವಿಶೇಷ ತರಗತಿ ಇರುವ ದಿನ ಕಾಲೇಜಿನ ಗ್ರಂಥಾಲಯವನ್ನು ಐದೂವರೆಯವರೆಗೆ ತೆರೆದಿಡಬೇಕು, ನಮ್ಮ ತಮ್ಮ ತಂಗಿಯರು ಅಲ್ಲಿ ಕೂರಲು ಅನುಮತಿ ಬೇಕು ಎಂದು. ಗದ್ದಲ ಮಾಡುವುದಿಲ್ಲ ಎಂದು ನನ್ನ ತಮ್ಮ ತನ್ನ ಹೆಸರನ್ನೂ ಕೆಳಗೆ ಬರೆದಿದ್ದಾನೆ, ಉರ್ದುವಿನಲ್ಲಿ.